ಸೂತಕದ ಮನೆಯ ಕರ್ನಲ್

ಗದಗ, ಫೆಬ್ರವರಿ ೩೦, ೨೦೯೮

ನಮಗಿಂತ ಮೊದಲಿನವರಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಲಾಸ್ಯ ಎಂಬುದು ನಿಮಗೆ ಅಂಗನವಾಡಿಯ ಮಗುವಿನ ಹೆಸರು, ನಮಗೆ ಕೋಲೂರಿ ನಡೆಯುವ ಅಜ್ಜಿಯರ ಹೆಸರು.

ನನ್ನ ಸೋದರತ್ತೆ ಲಾಸ್ಯ ತೀರ ಚಿಕ್ಕವರಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಅವ್ವನಿಗೆ, ಅಂದರೆ ನನ್ನ ಅಜ್ಜಿಗೆ, ಅಣ್ಣನ ಮೇಲೇ ಜೀವ ಎಂಬುದು ಅವರ ಹಳೆಯ ಮುನಿಸು. ಆ ಅಣ್ಣ, ಎಂದರೆ ನನ್ನ ಅಪ್ಪ, ತೀರಿಹೋದ ಮೇಲೆ ಅವರ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಸಿಕ್ಕಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತಿ ನಗುತ್ತಾಳೆ, ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಚಿತ್ರ, ಸದ್ದು ಎರಡೂ ನಿಂತುಬಿಡುತ್ತವೆ. ಅಪ್ಪನೇ ತೆಗೆದದ್ದಿರಬೇಕೆಂದುಕೊಂಡೆವು. "ಇಲ್ಲೂ ಅವನ್ನ ನೋಡಿ ನಗತಾಳ ನೋಡು," ಎಂದರು ಅತ್ತೆ. ಅವರ ಕಣ್ಣು ಮಬ್ಬಾಗುತ್ತಿತ್ತು. ಯುಗಾದಿಯ ಆಚೆಗೆ ಏನೂ ಕಾಣಲಾರದೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವ್ವ ಬಾಯಿ ತೆರೆದದ್ದು ಏತಕ್ಕೆಂದು ಅವರು ನೋಡಬೇಕಿತ್ತು.

ನಾನು ಮೊದಲು ಫೈಲನ್ನೇ ಶಂಕಿಸಿದೆ. ಪರೀಕ್ಷಿಸಿದರೆ ಅದು ಸರಿಯಾಗಿಯೇ ಇತ್ತು. ಪ್ಲೇಯರ್ ಬದಲಿಸಿದೆ. ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ನಿಂದ ಕಿತ್ತು ಪ್ರೊಸೆಸರ್‌ಗೆ ವಹಿಸಿದೆ. ಫಲವಿಲ್ಲ. ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶದ ತಿರುಳಾದ ಕರ್ನಲ್ ಬದಲಿಸಿದಾಗ ಮಾತ್ರ ನಿಲ್ಲುವ ರೀತಿ ಬೇರೆಯಾಯಿತು: ಒಂದರಲ್ಲಿ ಪ್ಲೇಯರ್ ಹ್ಯಾಂಗ್ ಆಗುತ್ತಿತ್ತು, ಇನ್ನೊಂದರಲ್ಲಿ ಮೌಸ್ ಕೂಡ ಅಲುಗುತ್ತಿರಲಿಲ್ಲ. ಅಂದರೆ ದೋಷ ಈ ಹೊಸ ಕರ್ನಲ್‌ಗಳದೇ; ಅಪ್ಪ ವಿಡಿಯೊ ನೋಡುತ್ತಿದ್ದ ಕಾಲದ ಕರ್ನಲ್ ಬೇಕಾಗಿತ್ತು.

ಅದು ಊರಲ್ಲೆಲ್ಲೂ ಇರಲಿಲ್ಲ. ಆಯುಧಪೂಜೆಯ ದಿನ ನಮ್ಮಲ್ಲಿ 'ಒಳಗುಡಿಸುವ' ಶಾಸ್ತ್ರವಿದೆ. ಈಚಿನ ಎರಡು ಕರ್ನಲ್ ಬಿಟ್ಟು ಹಿಂದಿನವನ್ನೆಲ್ಲ ಅಳಿಸಿ, ಆಮೇಲೆ ಯಂತ್ರಕ್ಕೆ ಕುಂಕುಮ ಹಚ್ಚುತ್ತೇವೆ. ಹಳೆಯದನ್ನು ಇಟ್ಟುಕೊಂಡವರು ಮನೆ ಗುಡಿಸದವರ ಲೆಕ್ಕ. ನಿಮ್ಮ ಇಂಟರ್ನೆಟ್ ಎಂಬ ದೊಡ್ಡ ಜಾಲ ಹರಿದುಹೋಗಿ ಊರಿಗೊಂದು ಊರಜಾಲ ಬಂದಿರುವುದರಿಂದ ಬೇರೆಡೆಯಿಂದ ಇಳಿಸಿಕೊಳ್ಳುವಂತೆಯೂ ಇಲ್ಲ. ಹಾಗಾಗಿ ಪರಿಚಯವಿದ್ದವರನ್ನೆಲ್ಲ ಕೇಳುತ್ತ ಹೋದೆ. ಕೊನೆಗೆ ಸಿಕ್ಕಿದ್ದು ಲಕ್ಷ್ಮೇಶ್ವರದ ಮೇಷ್ಟ್ರು ಪ್ರಹ್ಲಾದ ಹೊಂಬಳ ಅವರ ಅಟ್ಟದಲ್ಲಿ. ಅವರ ತಂದೆ ಎಷ್ಟೋ ವರ್ಷಗಳ ಹಿಂದೆ ನವರಾತ್ರಿಯಲ್ಲೇ ತೀರಿಕೊಂಡಿದ್ದರಂತೆ. ಸೂತಕದ ಮನೆಯಲ್ಲಿ ಪೂಜೆಯಿಲ್ಲ, ಒಳಗುಡಿಸುವುದೂ ಇಲ್ಲ. ತಂದೆಯ ಯಂತ್ರವನ್ನು ಹಾಗೆಯೇ ಅಟ್ಟಕ್ಕೇರಿಸಿದವರು ಮತ್ತೆ ಇಳಿಸಿರಲಿಲ್ಲ.

"ನಿಮ್ಮೂರಾಗ ಎಲ್ಲಾರೂ ಭಾಳ ಸ್ವಚ್ಛ ಅದೀರಿ ಬಿಡ್ರಿ," ಎಂದು ನಗುತ್ತ ಮೇಷ್ಟ್ರು ಧೂಳು ಒರೆಸಿಕೊಟ್ಟರು.

ಆ ಕರ್ನಲನ್ನು ತಂದು ಅಪ್ಪನ ಲ್ಯಾಪ್‌ಟಾಪಿಗೆ ಹಾಕಿದೆ. ಅತ್ತೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತರು. ಅವ್ವ ತಲೆಯೆತ್ತಿದಳು, ನಕ್ಕಳು, ಬಾಯಿ ತೆರೆದಳು. ಚಿತ್ರ ನಿಲ್ಲಲಿಲ್ಲ.

"ಲಾಸಿ, ಫೋನ್ ನೆಟ್ಟಗ ಹಿಡಿ. ಬರೇ ನನ್ನ ಮೂಗಷ್ಟ ಬರ್ತೈತಿ."

ಚಿತ್ರ ಓಲಾಡಿತು, ಹಿಟ್ಟು ಮೆತ್ತಿದ ಕೈಯೊಂದು ಮುಂದೆ ಬಂತು, ಮುಗಿಯಿತು. ಅಪ್ಪನಿಗೆ ಇದು ಗೊತ್ತಿದ್ದೂ ತಂಗಿಗೆ ಯಾಕೆ ಹೇಳಲಿಲ್ಲವೋ, ಕೇಳಲು ಅವರಿಲ್ಲ. ಅತ್ತೆ ಪರದೆಯ ಮೇಲೆ ಬೆರಳಿಟ್ಟರು.

"ನನ್ನ ನೋಡೇ ನಕ್ಕಾಳ," ಎಂದರು.

ನಿಮ್ಮಲ್ಲಿ ಹಳೆಯದೊಂದು ಕರ್ನಲ್ ಉಳಿದಿದ್ದರೆ ಇರಲಿ ಬಿಡಿ, ಇಷ್ಟೇ ನನ್ನ ಕೋರಿಕೆ. ಇನ್ನೂ ಬರೆಯುತ್ತಿದ್ದೆನೇನೋ. ಅತ್ತೆ ಮತ್ತೊಮ್ಮೆ ಹಾಕು ಎಂದು ಕರೆಯುತ್ತಿದ್ದಾರೆ. ಏಳುತ್ತೇನೆ.