ಹುಣಸೆಹಣ್ಣಿಗೆ ಬೆಳಗಿದ ಬಟ್ಟಲು

ಬಂಕಾಪುರ

ಚಿ. ಅಂಕಿತಾಳಿಗೆ ಅಜ್ಜಿಯ ಆಶೀರ್ವಾದ.

ನೀನು ಸವಣೂರಿನ ಹಳೇ ಸಾಮಾನಿನ ಬಜಾರದಲ್ಲಿ ಹುಡುಕಿ ತಂದ ಕುದುರೆ ರೇಸಿನ ಹಿತ್ತಾಳೆ ಬಟ್ಟಲನ್ನು ತಿಕ್ಕಬೇಡ, ಕಿಲುಬಿದ್ದರೇ ಬೆಲೆ ಎಂದು ಹೇಳಿ ಹೋಗಿದ್ದೆ. ನನ್ನ ಮನೆಯಲ್ಲಿ ಕಿಲುಬು ಹಿಡಿದ ಪಾತ್ರೆ ಇರುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಿಲುಬಿನ ಕೆಳಗೆ ನನ್ನ ಅಪ್ಪನ ಹೆಸರು ಕೆತ್ತಿತ್ತು: ಹುಲಗೂರಿನ ಚನ್ನವೀರಪ್ಪ, ಮೊದಲನೇ ಬಹುಮಾನ.

"ನಿಮ್ಮಪ್ಪ ಓಡ್ಸಿದ್ದು ಕುದುರಿ ಅಲ್ಲ, ಕತ್ತೆ" ಎಂದು ನಿನ್ನ ಅಜ್ಜ ಮದುವೆಯಾದಾಗಿನಿಂದ ನಗುತ್ತಿದ್ದರಲ್ಲ, ಇಂದು ಊಟಕ್ಕೆ ಅದರಲ್ಲೇ ನೀರು ಕೊಟ್ಟೆ. ಹೆಸರು ಓದಿದರು, ನೀರೆಲ್ಲ ಕುಡಿದರು. ಆಮೇಲೆ, "ಸವಾರನ ಮಗಳ, ಇನ್ನೊಂದೀಟು ಹಾಕ್ರಿ" ಎಂದರು.

ಈ ಬಟ್ಟಲನ್ನು ಕೇಳಬೇಡ, ಕೊಡುವುದಿಲ್ಲ. ಭಾನುವಾರ ಬಾ, ಬಜಾರಕ್ಕೆ ಹೋಗಿ ನಿನಗೆ ಬೇರೆ ಹುಡುಕೋಣ. ಹುಣಸೆಹಣ್ಣು ನಾನೇ ತರುತ್ತೇನೆ.

ನಿನ್ನ ಅಜ್ಜಿ,
ಗುರುಸಿದ್ದವ್ವ, ಚನ್ನವೀರಪ್ಪನ ಮಗಳು