ಫುರ್ಕಾನನ ಮುಖ ನೋಡಿ ಕೊಟ್ಟ ದರ್ಜೆ

ಡಿಸೆಂಬರ್ 3

ಕಾರ್ಖಾನೆಯಲ್ಲಿ ಬೆಳಗಿನಿಂದ ಕ್ರಿಕೆಟ್ ಬ್ಯಾಟು ತಟ್ಟಿದ್ದೇ ತಟ್ಟಿದ್ದು. ನಡುಭಾಗ, ಅಂಚು, ತುದಿ — ಮರದ ಸುತ್ತಿಗೆಯಿಂದ ಒಂದೊಂದು ಏಟು. ಆಮೇಲೆ ಹಳೇ ಚೆಂಡು ಪುಟಿಸಿ ನೋಡುವುದು. ಹಿಡಿಯ ಮೇಲೆ ಪೆನ್ಸಿಲಿನಲ್ಲಿ ದರ್ಜೆ ಬರೆಯುವುದು. ಇಡೀ ಮೀರಠ್‌ನಲ್ಲಿ ಓಂವೀರ್ ಉಸ್ತಾದನ, ಅಂದರೆ ನನ್ನ, ಕಿವಿಗೆ ಸಾಟಿಯಿಲ್ಲವಂತೆ. ಹಾಳಾದ್ದು, ಆ ಕಿವಿ ದೀಪಾವಳಿಗೆ ಮೊದಲೇ ಹೋಗಿದೆ. ಮಾತು ಕೇಳುತ್ತದೆ. ಬ್ಯಾಟಿನ ಸಣ್ಣ ನಾದ ಮಾತ್ರ ಇಲ್ಲ. ಒಳಗೆ ಬಿರುಕಿದ್ದರೆ ಬರುವ ಆ ಗುಂಯ್ ಸದ್ದೂ ಇಲ್ಲ. ಎಲ್ಲ ಒಂದೇ — ಟಕ್.

ಹೇಗೋ ನಡೆಯುತ್ತಿದೆ. ಎದುರಿಗೆ, ಬ್ಯಾಟಿನ ಮರವನ್ನು ಒತ್ತಿ ಗಟ್ಟಿ ಮಾಡುವ ಪ್ರೆಸ್ ಮೆಷಿನ್ನಿನ ಹತ್ತಿರ ಫುರ್ಕಾನ್ ನಿಂತಿರುತ್ತಾನೆ. ಪಾಪದವನು, ಮುಖದಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲ. ಬ್ಯಾಟು ಚೆನ್ನಾಗಿ ನುಡಿದರೆ ಗದ್ದ ಮೇಲೆತ್ತುತ್ತಾನೆ, ಕೆಟ್ಟದಾದರೆ ಹುಬ್ಬು ಗಂಟಿಕ್ಕುತ್ತಾನೆ. ಅದನ್ನು ನೋಡಿ ಬರೆಯುತ್ತೇನೆ. ಅವನಿಗೆ ಗೊತ್ತಿಲ್ಲ.

ಡಿಸೆಂಬರ್ 9, ಸಂಜೆ

ಮಂಜು. ಫುರ್ಕಾನ್ ತಂಗಿಯ ನಿಕಾಹ್‌ಗೆಂದು ಸಹಾರನ್‌ಪುರಕ್ಕೆ ಹೋಗಿದ್ದಾನೆ. ಇವತ್ತೇ ಮಾಲೀಕ ಲಾಲಾಜಿ ಬಾಗ್‌ಪತ್‌ನ ತ್ಯಾಗಿ ಮನೆಯ ಹುಡುಗನನ್ನು ಕರೆತರಬೇಕೇ! ರಾಜ್ಯ ತಂಡದ ಆಯ್ಕೆ ಪಂದ್ಯವಂತೆ. ಉಸ್ತಾದರೇ ಆರಿಸಲಿ ಎಂದು ಹಟ. ತಟ್ಟಿದೆ. ಕಣ್ಣು ಮುಚ್ಚಿ ಕೇಳಿದಂತೆ ನಟಿಸಿದೆ. ಪ್ರೆಸ್ಸಿನ ಹತ್ತಿರ ಯಾರೂ ಇಲ್ಲ... ಮರದ ಗೆರೆ ನೆಟ್ಟಗಿದ್ದ ಒಂದನ್ನು ಎತ್ತಿ ಕೊಟ್ಟೆ. ಹುಡುಗ ಕಾಲು ಮುಟ್ಟಿದ.

ಡಿಸೆಂಬರ್ 11

ಫುರ್ಕಾನ್ ಬಂದ, ಎಲ್ಲರಿಗೂ ಲಡ್ಡು. ಹುಡುಗ ಮತ್ತೆ ಬಂದಿದ್ದ — ಬ್ಯಾಟಿನ ಮುಖ ಇನ್ನೂ ಸ್ವಲ್ಪ ಗಟ್ಟಿಯಾಗಲಿ ಎಂದ. ಫುರ್ಕಾನ್ ಅದೇ ಬ್ಯಾಟನ್ನು ಹಗುರಾಗಿ ಒಮ್ಮೆ ಪ್ರೆಸ್ಸಿಗೆ ಕೊಟ್ಟ. ನಾನು ಚಹಾಕ್ಕೆ ಹೋಗಿದ್ದೆ.

ಡಿಸೆಂಬರ್ 20

ಒಡೆಯಿತು. ಆಯ್ಕೆ ಪಂದ್ಯದ ಎರಡನೇ ಓವರಿನಲ್ಲೇ ಆ ಬ್ಯಾಟು ತುದಿಯಿಂದ ಮೇಲಿನವರೆಗೆ ಸೀಳಿತು. ಹುಡುಗ ಔಟು, ಆಯ್ಕೆಯೂ ಇಲ್ಲ. ಅವರಪ್ಪ ಎರಡು ಹೋಳನ್ನೂ ತಂದು ಲಾಲಾಜಿಯ ಮೇಜಿನ ಮೇಲೆ ಎಸೆದು ಹೋದ. ನೋಡಿದೆ. ಸೀಳಿನ ಒಳಗೆ ಮರ ಕಪ್ಪಗಾಗಿತ್ತು. ಹಳೇ ಬಿರುಕು. ನಾನು ತಟ್ಟಿದ ದಿನವೇ ಇತ್ತು. ಕಿವಿ ಇದ್ದವನು ಯಾವನಾದರೂ ಹಿಡಿಯುತ್ತಿದ್ದ.

ಲಾಲಾಜಿ ಅದನ್ನು ನೋಡಲೇ ಇಲ್ಲ. ಓಂವೀರ್ ಪಾಸ್ ಮಾಡಿದ ಮೇಲೆ ಬ್ಯಾಟು ಸರಿಯಾಗಿಯೇ ಇರುತ್ತದೆ, ಆಮೇಲೆ ಕೈ ಹಾಕಿದವನು ಯಾರು ಎಂದು ಕೂಗಾಡಿದರು. ಎಲ್ಲರೂ ಫುರ್ಕಾನನ ಕಡೆ ತಿರುಗಿದರು.

ಅವನು ಜಗಳವಾಡಲಿಲ್ಲ. ಸೀದಾ ನನ್ನ ಹತ್ತಿರ ಬಂದ.

"ಉಸ್ತಾದ್, ನೀವು ತಟ್ಟಿದಾಗ ಅದು ಸರಿ ಇತ್ತಾ? ನೀವು ಹೇಳಿದ್ರೆ ಮುಗೀತು. ಬೇರೆಯವರ ಮಾತು ನಂಗೆ ಬೇಡ."

ಕಿವುಡ ಎಂದು ಗೊತ್ತಾದರೆ ನಾಳೆಯೇ ಬೀದಿಗೆ. ಈ ವಯಸ್ಸಿನಲ್ಲಿ ನನಗೆ ಬೇರೇನು ಬರುತ್ತದೆ?

"ಸರಿಯಾಗೇ ಇತ್ತು," ಅಂದೆ.

ಅವನು ತನ್ನ ಅಂಗೈ ನೋಡಿಕೊಂಡ. "ಹಾಗಾದ್ರೆ ನನ್ನ ಕೈಯೇ ಕೆಟ್ಟಿದೆ ಬಿಡಿ," ಅಂದ. ಸಿಟ್ಟು ಇರಲಿಲ್ಲ. ನಂಬಿಬಿಟ್ಟಿದ್ದ. ಥೂ ನನ್ನ ಜನ್ಮಕ್ಕೆ.

ಡಿಸೆಂಬರ್ 22

ಅವನನ್ನು ತೆಗೆಯಲಿಲ್ಲ. ಲಾಲಾಜಿ ಬೈದು ಸುಮ್ಮನಾಗಿದ್ದರು. ಅವನೇ ಬಿಟ್ಟು ಹೋದ. ಯಾರದ್ದೋ ಹೊಟ್ಟೆಯ ಮೇಲೆ ಹೊಡೆಯುವ ಕೈ ಬೇಡ ಎಂದನಂತೆ.

ಜನವರಿ 17

ಪ್ರೆಸ್ಸಿಗೆ ಬಂದ ಹೊಸಬನ ಮುಖ ಕಲ್ಲು. ಏನೂ ತಿಳಿಯುವುದಿಲ್ಲ. ತೋಚಿದ ದರ್ಜೆ ಬರೆಯುತ್ತಿದ್ದೇನೆ. ಯಾರೂ ಕೇಳುವುದಿಲ್ಲ, ಉಸ್ತಾದ್ ಬರೆದದ್ದೇ ವೇದ.

ಫೆಬ್ರವರಿ 2

ಸೂರಜ್‌ಕುಂಡದ ಮೂಲೆಯಲ್ಲಿ ರಿಕ್ಷಾ ಹತ್ತಿದೆ. ಹ್ಯಾಂಡಲ್ ಹಿಡಿದವನು ಫುರ್ಕಾನ್. ಮನೆಯವರೆಲ್ಲ ಹೇಗಿದ್ದಾರೆ ಎಂದು ವಿಚಾರಿಸಿದ. ಬೇರೆ ಕಾರ್ಖಾನೆಯವರು ಕರೆದಿದ್ದರಂತೆ, ಹೋಗಲಿಲ್ಲವಂತೆ. ಯಾಕೋ ಮಾರಾಯ, ಒಂದು ಬ್ಯಾಟಿಗೆ ಇಷ್ಟೊಂದಾ ಎಂದು ಕೇಳಿದೆ. ನಾನು! ನಾನು ಕೇಳಿದೆ!

"ಬೇರೆ ಯಾರೇ ಹೇಳಿದ್ರೂ ನಂಬ್ತಿರ್ಲಿಲ್ಲ, ಉಸ್ತಾದ್. ನೀವು ಹೇಳಿದ್ರಲ್ಲ. ಈಗ ಪ್ರೆಸ್ ಮುಟ್ಟೋದೇ ಬಿಟ್ಟಿದ್ದೀನಿ."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮನೆ ಬಂತು. ಬಾಡಿಗೆ ತೆಗೆದುಕೊಳ್ಳಲಿಲ್ಲ, ನಿಮ್ಮ ಹತ್ತಿರ ಬೇಡ ಎಂದು ಎದೆ ಮುಟ್ಟಿಕೊಂಡ. ಇಳಿದೆ. ಫುರ್ಕಾನ್, ಅಂದೆ. ತಿರುಗಿ ನೋಡಿದ. ಚಳಿ ಜಾಸ್ತಿ, ಮಫ್ಲರ್ ಕಟ್ಟಿಕೋ, ಅಂದೆ. ಅಷ್ಟೇ ಅಂದದ್ದು. ನಾಳೆ ಅವನ ಮನೆಗೆ ಹೋಗಿ, ನನ್ನ ಕಿವಿಯ ವಿಷಯ...