ಬೆನ್ನು ಹಾಕಿ ನಿಂತ ಗಾಡಿ

ಸಾಲ್ಟ್ ಡ್ರಾ, ಟೆಕ್ಸಸ್
ಶನಿವಾರ ಬೆಳಗ್ಗೆ, ನವೆಂಬರ್ 8, 2003

ಪ್ರೀತಿಯ ಮಾವನವರಿಗೆ, ನಿಮ್ಮ ಬಾಯಿಬಡುಕಿ ಸೊಸೆ ನಡೀನ್ ಮಾಡುವ ವಂದನೆಗಳು.

ಸೊಂಟದ ನೋವು ಹೇಗಿದೆ? ಹೊಲಿಗೆ ಒಣಗಿತಾ? ರಾತ್ರಿ ನಿದ್ದೆ ಬರುತ್ತಾ? ಆಸ್ಪತ್ರೆಯ ಊಟಾನ ನೀವು ಬೈತಿರೋದು ಲಬಕ್‌ನಿಂದ ಇಲ್ಲಿಗೇ ಕೇಳಿಸ್ತಿದೆ, ಆದರೂ ಸ್ವಲ್ಪ ತಿನ್ನಿ. ಕೆಂಪು ಕೂದಲಿನ ಆ ನರ್ಸಮ್ಮ ಗುರುವಾರ ಬೆಳಗ್ಗೆ ನನಗೆ ಫೋನ್ ಮಾಡಿದ್ಲು. ನೀವು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೀರಂತೆ. ನಡೆಯೋ ಅಭ್ಯಾಸ ಮಾಡಿಸೋಕೆ ಬಂದ ಹುಡುಗನ್ನ ಎರಡು ಸಲ ಗದರಿಸಿ ಓಡಿಸಿದ್ರಂತೆ. "ಶುಕ್ರವಾರಕ್ಕೆ ನನ್ನ ಜಾಗ ಹೋಗುತ್ತೆ. ಆಮೇಲೆ ನಾನು ಎಲ್ಲಿಗೆ ನಡೀಬೇಕು?" ಅಂದ್ರಂತೆ. ಪಾಪ, ಆ ಹುಡುಗಿಗೆ ಯಾವ ಜಾಗ ಅಂತ ಗೊತ್ತಿಲ್ಲ, ಮನೆ ಏನಾದ್ರೂ ಹರಾಜಾಗ್ತಿದೆಯಾ ಅಂತ ನನ್ನ ಕೇಳಿದ್ಲು. ಇಲ್ಲಮ್ಮ, ಫುಟ್‌ಬಾಲ್ ಮೈದಾನದ ಬೇಲಿ ಪಕ್ಕ ಗಾಡಿ ನಿಲ್ಲಿಸೋ ಜಾಗ ಅಂದೆ. ಅಷ್ಟಕ್ಕೇನಾ ಅಂದ್ಲು. ದೊಡ್ಡ ಊರಿನವಳು, ಅವಳಿಗೇನು ಗೊತ್ತು.

ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದ್ರೆ ಫೋನಲ್ಲಿ ನಿಮಗೆ ಅರ್ಧ ಕೇಳಿಸೋದಿಲ್ಲ, ಕೇಳಿಸಿದ ಅರ್ಧಾನ ನೀವು ನಂಬೋದಿಲ್ಲ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೀತಿದ್ದೀನಿ, ಕನ್ನಡಕ ಹಾಕ್ಕೊಂಡು ಓದಿ. ಮೊದಲ ಸುದ್ದಿ: ಗೆದ್ವಿ ಮಾವ! ನಮ್ಮ ಶಾಲೆ ತಂಡ, ನಮ್ಮ ಟಗರುಗಳು ಗೆದ್ವು! ಒಂದೇ ಒಂದು ಅಂಕದಲ್ಲಿ! ಊರೆಲ್ಲ ಹಾರನ್ ಹೊಡೆದೂ ಹೊಡೆದೂ ನಿನ್ನೆ ರಾತ್ರಿಯಿಂದ ನನ್ನ ಕಿವೀಲಿ ಇನ್ನೂ ಗುಂಯ್ ಅಂತಿದೆ. ಜಾಗದ ವಿಷಯ ಏನಾಯ್ತು ಅಂತ ಹಾಳೆ ತಿರುವಿ ಕೊನೆಗೆ ಹೋಗಬೇಡಿ. ನಾನು ಪಟ್ಟ ಪಾಡನ್ನ ನೀವೂ ಪಡಬೇಕು, ಸಾಲಾಗಿ ಓದಿ.

ಗುರುವಾರ ಸಂಜೆ ನಿಮ್ಮ ಹಳೇ ಪಿಕಪ್ಪನ್ನ ಮೈದಾನಕ್ಕೆ ತರೋಣ ಅಂತ ಹೊರಟೆ. ಎಲ್ಲರೂ ಹಿಂದಿನ ದಿನಾನೇ ಗಾಡಿ ತಂದು, ಮೂತಿ ಬೇಲಿಗೆ ತಾಗಿಸಿ ನಿಲ್ಲಿಸಿ, ನಡ್ಕೊಂಡು ಮನೆಗೆ ಹೋಗ್ತಾರಲ್ಲ, ಹಾಗೆ. ಶುಕ್ರವಾರ ರಾಷ್ಟ್ರಗೀತೆ ಮುಗಿಯೋದ್ರೊಳಗೆ ಮೂತಿ ತಾಗದಿದ್ರೆ ಜಾಗ ಸರದೀಲಿರೋ ಓಡೆಲ್ ಸ್ಪ್ರೇಬೆರಿಗೆ. ಆ ಮನುಷ್ಯ ಎಷ್ಟೋ ವರ್ಷದಿಂದ ಗೋಲ್ ಕಂಬದ ಹಿಂದಿನ ನಿಮ್ಮ ಜಾಗದ ಮೇಲೆ ಕಣ್ಣಿಟ್ಟು ಕೂತಿದ್ದಾನೆ ಅಂತ ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಗಾಡಿ ಸ್ಟಾರ್ಟೇನೋ ಆಯ್ತು. ಆದ್ರೆ ಮುಂದಕ್ಕೆ ಹೋಗೋ ಗೇರು ಒಂದೂ ಬೀಳ್ತಿಲ್ಲ! ಎಳೆದೆ, ನೂಕಿದೆ, ಬೈದೆ, ಪ್ರಾರ್ಥನೆ ಮಾಡಿದೆ. ಬಿದ್ದಿದ್ದು ರಿವರ್ಸ್ ಒಂದೇ. ನಿಮ್ಮ ಮಗ ವೆಸ್ಲಿ ತೈಲ ಬಾವಿ ಕೆಲಸಕ್ಕೆ ಹೋದವನು ಮುಂದಿನ ವಾರವೇ ಬರೋದು. ಮೆಕ್ಯಾನಿಕ್ ಗರಾಜಿಗೆ ಬೀಗ ಹಾಕಿ ಜಿಂಕೆ ಬೇಟೆಗೆ ಹೋಗಿ ಕೂತಿದ್ದಾನೆ. ಏನ್ ಮಾಡ್ಲಿ? ಹಿಂದಕ್ಕೆ ಹೋಗೋ ಗಾಡೀನ ಹಿಂದಕ್ಕೇ ಓಡಿಸಿದೆ. ಕತ್ತು ತಿರುಗಿಸಿಕೊಂಡು, ಹತ್ತಿ ಗಿರಣಿ ಹಿಂದಿನ ಓಣೀಲಿ, ನಮ್ಮ ಮನೆಯಿಂದ ಮೈದಾನದವರೆಗೂ ರಿವರ್ಸಲ್ಲೇ ಬಂದೆ ಮಾವ! ನಾಯಿಗಳೆಲ್ಲ ಬೊಗಳೋದು ಬಿಟ್ಟು ನೋಡ್ತಾ ನಿಂತ್ವು. ಮನುಷ್ಯರು ಒಬ್ಬರೂ ನೋಡಲಿಲ್ಲ, ಅದೇ ಆಮೇಲೆ ತೊಂದರೆಯಾಗಿದ್ದು. ನಿಮ್ಮ ಜಾಗದಲ್ಲಿ ಸರಿಯಾಗಿ ನಿಲ್ಲಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ. ಕತ್ತು ಇವತ್ತಿಗೂ ಎಡಕ್ಕೆ ತಿರುಗ್ತಿಲ್ಲ.

ಈಗ ನೀವು ಹಾಸಿಗೇಲಿ ಎದ್ದು ಕೂತು ತಲೆ ಚಚ್ಚಿಕೊಳ್ತಿರ್ತೀರಿ, ಗೊತ್ತು. ರಿವರ್ಸಲ್ಲಿ ಬಂದ ಗಾಡಿ ಹೇಗೆ ನಿಂತಿರುತ್ತೆ? ಬೇಲಿಗೆ ಬೆನ್ನು ಹಾಕಿ! ಬೇಲಿಗೆ ಬೆನ್ನು ಹಾಕಿ ಗಾಡಿ ನಿಲ್ಲಿಸೋದು ಈ ಊರಲ್ಲಿ ಯಾವಾಗ? ಮನೆಯ ಹಿರಿಯ ತೀರಿಕೊಂಡು, ಮನೆಯವರು ಆ ಜಾಗಕ್ಕೆ ಕೊನೇ ಸಲ ಕೈಮುಗಿದು ಬಿಟ್ಟುಕೊಡುವಾಗ. ಹದಿನೆಂಟು ವರ್ಷ ಈ ಊರಲ್ಲಿ ಸಂಸಾರ ಮಾಡಿದವಳಿಗೆ ಅದು ಹೊಳೀಬೇಕಿತ್ತು. ಹೊಳೀಲಿಲ್ಲ. ಜಾಗ ಉಳಿಸಿದೆ ಅನ್ನೋ ಜಂಬದಲ್ಲಿ ಹಾಯಾಗಿ ಮಲಗಿ ನಿದ್ದೆ ಮಾಡಿದೆ.

ಶುಕ್ರವಾರ ಬೆಳಗ್ಗೆ ಪಾದ್ರಿಯವರ ಹೆಂಡತಿ ವರ್ಡೀ ಬಾಗಿಲು ತಟ್ಟಿದ್ರು. ಕೈಯಲ್ಲಿ ಇನ್ನೂ ಬಿಸಿಯಾಗಿದ್ದ, ಪೆಕನ್ ಬೀಜದ ಸಿಹಿ ಪೈ. ನನ್ನ ತಬ್ಬಿಕೊಂಡು ಬೆನ್ನು ಸವರಿ ಹೋದ್ರು. ಆಪರೇಷನ್ ಆಗಿದೆಯಲ್ಲ, ಎಷ್ಟು ಒಳ್ಳೆಯವರು ಅಂದುಕೊಂಡೆ. ಆಮೇಲೆ ಇನ್ನೊಂದು ಪೈ ಬಂತು. ಬೇಯಿಸಿದ ಕೋಳಿ ಎರಡು ದೊಡ್ಡ ತಟ್ಟೆ ತುಂಬ ಬಂತು, ಹಂದಿ ಮಾಂಸದ ತೊಡೆ ಬಂತು, ಆಲೂಗೆಡ್ಡೆ ಸಲಾಡ್ ಬಾಲ್ದಿ ತುಂಬ ಬಂತು. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಬಾಗಿಲು ಹಾಕೋಕಾಗ್ತಿಲ್ಲ. ಆಗ ಅಂಚೆ ಆಫೀಸಿನ ಇಮೋಜೀನ್ ಬಂದು, ಕಣ್ಣೊರೆಸಿಕೊಂಡು, "ನಡೀನ್, ಪೆಟ್ಟಿಗೆ ಮುಚ್ಚೇ ಇರುತ್ತಾ, ಇಲ್ಲಾ ನಾವು ಕೊನೇ ಸಲ ಮುಖ ನೋಡಬಹುದಾ?" ಅಂದ್ಲು. "ಯಾವ ಪೆಟ್ಟಿಗೆ?" ಅಂದೆ. "ಹೋಬರ್ಟ್ ಮಾವಂದು" ಅಂದ್ಲು. ಆಗ ನನ್ನ ತಲೆಗೆ ಹೋಯ್ತು. ಅಯ್ಯೋ ದೇವರೇ, ನಾನು ನಿಮ್ಮನ್ನ ಸಾಯಿಸಿಬಿಟ್ಟಿದ್ದೆ ಮಾವ! ಊರಿಗೆಲ್ಲ ಟಾಂ ಟಾಂ ಮಾಡಿ ಸಾಯಿಸಿಬಿಟ್ಟಿದ್ದೆ!

ನಗಬೇಡಿ, ನಿಮ್ಮ ಮೊಮ್ಮಗಳು ಕ್ಲಿಯೋ ಆ ಹೊತ್ತಿಗೆ ಶಾಲೆಯಿಂದ ಓಡಿ ಬಂದ್ಲು. ಕ್ಲಾಸಿನಿಂದ ಕರೆದು, ತಾತ ಹೋದ್ರಮ್ಮ, ಇವತ್ತು ನೀನು ಆಡಬೇಕಾಗಿಲ್ಲ ಅಂದಿದ್ದಾರೆ ಅವಳ ಫುಟ್‌ಬಾಲ್ ತಂಡದ ಕೋಚು. ಮುಖವೆಲ್ಲ ಊದಿಹೋಗಿತ್ತು. "ನಿನ್ನ ತಾತ ಗಟ್ಟಿಯಾಗಿದ್ದಾರೆ ಕಣೇ, ನಾನೇ ಕತ್ತೆ, ಗಾಡಿ ಬೆನ್ನು ಹಾಕಿ ನಿಲ್ಲಿಸಿಬಿಟ್ಟೆ" ಅಂದೆ. ಅಡುಗೆಮನೆ ನೆಲದ ಮೇಲೆ ಕುಸಿದು ಕೂತು ನಕ್ಕಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ಎದ್ದು ಫ್ರಿಜ್ಜಿನ ಬಾಗಿಲಿಗೆ ಜಾಡಿಸಿ ಒಂದು ಒದ್ದಳು. ಬಾಗಿಲು ಹಾಕ್ಕೊಳ್ತು. ಆ ಮಗೂನ ಹತ್ತಿರ ಎಳ್ಕೊಂಡು ಮುಖ ಒರೆಸಿದೆ. ನೀವಿಲ್ಲದ ಮನೆ ಹೇಗಿರುತ್ತೆ ಅಂತ ಒಂದು ಗಂಟೆ ಹೊತ್ತು ಅವಳು ಅನುಭವಿಸಿ ಬಂದಿದ್ಲು.

ಬಂದವರಿಗೆಲ್ಲ ನೀವು ಬದುಕಿದ್ದೀರಿ ಅಂತ ಹೇಳಿ ಕಳಿಸೋದ್ರಲ್ಲಿ ಸಂಜೆಯಾಯ್ತು, ಆಮೇಲೆ ಇಬ್ಬರೂ ಮೈದಾನಕ್ಕೆ ಓಡಿದ್ವಿ. ಕೋಬಿ ಸ್ಪ್ರಿಂಗ್ಸ್‌ನವರು ಆಗಲೇ ನಮ್ಮೆದುರು ಆಡೋಕೆ ಬಸ್ಸಲ್ಲಿ ಬಂದು ಇಳೀತಿದ್ರು. ಅವರ ಊರಲ್ಲಿ ಕಾಂಕ್ರೀಟ್ ಮೆಟ್ಟಿಲು, ಸಿನಿಮಾ ಪರದೆಯಷ್ಟು ದೊಡ್ಡ ಬೋರ್ಡು, ಕಾರ್ಪೆಟ್ ಹಾಸಿದ ಹಾಗೆ ಹುಲ್ಲು. ಅವರಲ್ಲೊಬ್ಬ ಹೆಂಗಸು ನಮ್ಮ ಬೇಲಿ ಸುತ್ತ ನಿಂತ ಗಾಡಿಗಳನ್ನ ನೋಡಿ, "ಇದೇನು ಸ್ಟೇಡಿಯಮ್ಮಾ, ಸಂತೆ ಪಾರ್ಕಿಂಗಾ? ಕೂರೋಕೆ ಎಲ್ರೀ?" ಅಂದ್ಲು. ನಾನು ಸುಮ್ಮನಿರ್ತೀನಾ? "ನಿಮ್ಮ ಮೆಟ್ಟಿಲ ಮೇಲೆ ಯಾರು ಬಂದಿಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತಾ? ಇಲ್ಲಿ ಒಂದು ಗಾಡಿ ತಿರುಗಿ ನಿಂತರೆ ಮಧ್ಯಾಹ್ನದೊಳಗೆ ಎರಡು ಪೈ ಬರುತ್ತೆ" ಅಂದೆ. ಅವಳಿಗೇನು ಅರ್ಥವಾಯ್ತೋ ದೇವರಿಗೇ ಗೊತ್ತು. ಒಳ್ಳೆ ಮೈದಾನ ಅಂದ್ರೆ ಯಾರು ಬಂದಿದ್ದಾರೆ ಅನ್ನೋದಲ್ಲ, ಯಾರು ಬಂದಿಲ್ಲ ಅಂತ ಎಲ್ಲರಿಗೂ ತಿಳೀಬೇಕು ಅಂತ ನೀವೇ ಹೇಳ್ತಿದ್ರಲ್ಲ, ಆಗೆಲ್ಲ ನಾನು ಮುದುಕರ ಮಾತು ಅಂತ ಹೂಂಗುಟ್ಟಿ ಬಿಡ್ತಿದ್ದೆ.

ಅಲ್ಲಿ ನೋಡಿದ್ರೆ ಓಡೆಲ್ ನಿಮ್ಮ ಗಾಡಿ ಮುಂದೆ ಚರ್ಚಿಗೆ ಹಾಕೋ ಕಪ್ಪು ಸೂಟಲ್ಲಿ, ಹ್ಯಾಟ್ ಎದೆಗೆ ಒತ್ತಿಕೊಂಡು ನಿಂತಿದ್ದಾನೆ. ಕಣ್ಣಲ್ಲಿ ನೀರು, ಆಣೆಗೂ! "ಜೀವಮಾನವೆಲ್ಲ ಆ ಮುದುಕನ ಜೊತೆ ಜಗಳ ಆಡಿದೆ ನಡೀನಮ್ಮ. ಇನ್ನು ಯಾರ ಹತ್ರ ಆಡ್ಲಿ?" ಅಂದ. ನಾನು ವಿಷಯ ಹೇಳಿದೆ. ಅವನ ಮುಖ ನೋಡಬೇಕಿತ್ತು ಮಾವ. ಮೊದಲು ಅರಳಿತು, ನಾನು ಕಣ್ಣಾರೆ ನೋಡಿದೆ, ಆಮೇಲೆ ಗಂಟಿಕ್ಕಿಕೊಂಡಿತು. "ಸತ್ತಿಲ್ವಾ? ಹಂಗಾದ್ರೆ ಈ ಸೆಕೇಲಿ ನಾನ್ಯಾಕೆ ಸೂಟ್ ಹಾಕ್ಕೊಂಡು ಸಾಯ್ತಿದ್ದೀನಿ!" ಅಂದ. ಆಮೇಲೆ ತಡವರಿಸದೆ, "ಬೆನ್ನು ಅಂದ್ರೆ ಬೆನ್ನೇ. ಪದ್ಧತಿ ನಾನು ಮಾಡಿದ್ದಲ್ಲ. ಹಾಡು ಮುಗಿಯೋದ್ರೊಳಗೆ ಮೂತಿ ತಾಗಿದ್ರೆ ಜಾಗ ನಿಮ್ಮದು, ಇಲ್ಲದಿದ್ರೆ ನನ್ನದು" ಅಂದ. ಹಾಗಂದವನೇ ಮೊದಲು ಬಂದು ಗಾಡಿಗೆ ಹೆಗಲು ಕೊಟ್ಟ, ಅದೂ ಹೇಳ್ಬೇಕು ನಾನು.

ಕಂಬದ ಮಧ್ಯೆ ಚೆಂಡು ಒದೆಯೋ ಕ್ಲಿಯೋಗೆ ಆ ಗಾಡಿ ಅಲ್ಲೇ ಬೇಕು, ಮೂತಿ ಅವಳ ಕಡೆಗೇ ಇರಬೇಕು. ನೀವೇ ಮಾಡಿಸಿದ ಅಭ್ಯಾಸ, "ಕಂಬ ನೋಡಬೇಡ ಪುಟ್ಟಿ, ನನ್ನ ಎಡಗಡೆ ಹೆಡ್‌ಲೈಟ್ ನೋಡಿ ಒದಿ" ಅಂತ. ಬೆನ್ನು ಹಾಕಿದ ಗಾಡೀಲಿ ಹೆಡ್‌ಲೈಟ್ ಎಲ್ಲಿಂದ ತರೋದು? ಊರ ಗಂಡಸರೆಲ್ಲ ಸೇರಿದ್ರು. ನಾನು ಸ್ಟೀರಿಂಗ್ ಹಿಡಿದೆ. ಗಾಡೀನ ಬೇಲಿಯಿಂದ ದಿಣ್ಣೆ ಮೇಲಕ್ಕೆ ತಳ್ಳಿ, ಅರ್ಧ ಸುತ್ತು ತಿರುಗಿಸಿ, ಮೂತಿ ಮೈದಾನದ ಕಡೆ ಬರೋ ಹೊತ್ತಿಗೆ ಎಲ್ಲರೂ ಏದುಸಿರು ಬಿಡ್ತಿದ್ರು. ಓಡೆಲ್ ಸೂಟು ಬೆನ್ನಲ್ಲಿ ಪರ್ರ್ ಅಂತ ಹರೀತು. ಇನ್ನೇನು ಕೆಳಕ್ಕೆ ತಳ್ಳಬೇಕು, ನಮ್ಮ ಶಾಲೆಯ ಬ್ಯಾಂಡು ರಾಷ್ಟ್ರಗೀತೆ ಶುರು ಮಾಡಿತು!

ಅಷ್ಟೇ. ಎಲ್ಲರೂ ಕೈ ಬಿಟ್ರು. ಹ್ಯಾಟ್ ತೆಗೆದು, ಎದೆ ಮೇಲೆ ಕೈಯಿಟ್ಟು, ಬಾವುಟದ ಕಡೆ ತಿರುಗಿ ಕಂಬದ ಹಾಗೆ ನಿಂತುಬಿಟ್ರು. ಹಾಡಿನ ಮಧ್ಯೆ ಒಬ್ಬನಾದ್ರೂ ಅಲ್ಲಾಡ್ತಾನಾ ಈ ಊರಲ್ಲಿ? ನಾನೊಬ್ಬಳೇ ದಿಣ್ಣೆ ಮೇಲೆ ಗಾಡೀಲಿ. ನಿಮ್ಮ ಗಾಡಿಯ ಬ್ರೇಕಿನ ಯೋಗ್ಯತೆ ನಿಮಗೆ ಗೊತ್ತೇ ಇದೆ. ಮೆಲ್ಲಗೆ ಉರುಳೋಕೆ ಶುರುವಾಯ್ತು. ಮೊದಲು ಗಾಬರಿಯಾಗಿ ಬ್ರೇಕ್ ತುಳಿದೆ, ಆಮೇಲೆ ಅಯ್ಯೋ ಪೆದ್ದಿ ಅಂತ ನನ್ನನ್ನೇ ಬೈದುಕೊಂಡು ಕಾಲು ತೆಗೆದೆ. ಒಂದು ಕೈ ಎದೆ ಮೇಲೆ, ಒಂದು ಕೈ ಸ್ಟೀರಿಂಗ್ ಮೇಲೆ. ಕತ್ತು ಬೇರೆ ತಿರುಗ್ತಿಲ್ಲ. ತುತ್ತೂರಿ ಹುಡುಗ ಕೊನೇ ಸಾಲನ್ನ ಎಳೀತಿದ್ದಾನೆ, ಗಾಡಿ ಉರುಳ್ತಿದೆ, ಅವನು ಇನ್ನೂ ಎಳೀತಿದ್ದಾನೆ, ದೇವರು ಅವನ ಉಸಿರು ಗಟ್ಟಿಯಾಗಿಟ್ಟಿರಲಿ, ಟಣ್ ಅಂತ ಮೂತಿ ಹೋಗಿ ಬೇಲಿಗೆ ತಾಗಿತು! ಆಮೇಲೆ ಹಾಡು ಮುಗೀತು. ಓಡೆಲ್ ಬಾವುಟದ ಮೇಲಿನ ಕಣ್ಣು ತೆಗೀದೆ, ಎದೆ ಮೇಲಿನ ಕೈ ತೆಗೀದೆ, ಊರಿಗೆಲ್ಲ ಕೇಳೋ ಹಾಗೆ "ಮೂತಿ!" ಅಂತ ಕೂಗಿದ. ಮಾವ, ನಿಮ್ಮ ಜಾಗ ಉಳೀತು! ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನ್ನ ಹಣೆ ತಾಗಿ ಹಾರನ್ ಕೂಗಿತು. ಆ ಕೋಣ ಅರಚಿದಂಥ ಸದ್ದು ಕೇಳಿ ಬೇಲಿ ಸುತ್ತಲಿನ ಗಾಡಿಗಳೆಲ್ಲ ತಾವೂ ಕೂಗಿದ್ವು. ಆಟ ಇನ್ನೂ ಶುರುವೇ ಆಗಿರಲಿಲ್ಲ.

ಆಟದ ವಿವರ ಓಡೆಲ್ ಬಾಯಲ್ಲೇ ಕೇಳಿ, ಅವನು ಇನ್ನೂ ಎರಡು ತಿಂಗಳು ಅದನ್ನೇ ಹೇಳ್ತಾನೆ. ಕೊನೇದಷ್ಟೇ ಬರೀತೀನಿ. ಟೈಮ್ ಮುಗೀತಾ ಬಂದಿತ್ತು, ನಮ್ಮ ಹುಡುಗರು ಚೆಂಡು ಗೆರೆ ದಾಟಿಸಿದ್ರು, ಆದ್ರೂ ಒಂದು ಅಂಕ ಹಿಂದೆ. ಉಳಿದದ್ದು ಕ್ಲಿಯೋ ಒದೆತ. ನಮ್ಮ ಆರಾರು ಜನರ ಆಟದಲ್ಲಿ ಆ ಒದೆತ ಕಂಬದ ಮಧ್ಯೆ ದಾಟಿದ್ರೆ ಎರಡು ಅಂಕ, ತಪ್ಪಿದ್ರೆ ಮನೆಗೆ. ಗಾಳಿ ಬೇರೆ ಅಡ್ಡ ಬೀಸ್ತಿತ್ತು. ಅವಳು ನಿಂತು ಈ ಕಡೆ ನೋಡಿದ್ಲು. ನಾನು ಹೆಡ್‌ಲೈಟ್ ಹಾಕಿದೆ. ಅಷ್ಟು ದೂರದಿಂದಲೂ ಆ ಹುಡುಗಿ ನಕ್ಕಿದ್ದು ನನಗೆ ಕಾಣಿಸ್ತು. ಒದ್ದಳು ನೋಡಿ! ಚೆಂಡು ಕಂಬಗಳ ಮಧ್ಯೆ ಹಾದು, ಬೇಲಿ ದಾಟಿ, ನಿಮ್ಮ ಬಾನೆಟ್ ಮೇಲೆ ಧಡ್ ಅಂತ ಬಿತ್ತು. ಊಟದ ತಟ್ಟೆಯಷ್ಟು ದೊಡ್ಡ ತಗ್ಗು ಬಿದ್ದಿದೆ. ಅದನ್ನ ಸರಿ ಮಾಡಿಸೋ ಮಾತೆತ್ತಿದ್ರೆ ನಾನು ನಿಮ್ಮ ಜೊತೆ ಮಾತು ಬಿಡ್ತೀನಿ. ಕೋಬಿ ಸ್ಪ್ರಿಂಗ್ಸ್‌ನ ಆ ಹೆಂಗಸು ನಾನು ಕರೆದು ಕೂರಿಸಿದ ಪಕ್ಕದ ಸೀಟಲ್ಲೇ ಕೂತು, ಸತ್ತವರಿಗೆ ಬಂದ ಪೈ ತಿಂತಾ, ತಮ್ಮವರು ಸೋತಿದ್ದೂ ಮರೆತು ಹಾರನ್ ಒತ್ತಿದ್ಲು.

ಎಲ್ಲರೂ ನಿಮ್ಮನ್ನ ಕೇಳಿದ್ದಾರೆ. ಬದುಕಿರೋದಕ್ಕೆ ಅಭಿನಂದನೆ ಹೇಳಿದ್ದಾರೆ. ವರ್ಡೀ ಮಾತ್ರ ಪೈ ತಟ್ಟೆ ವಾಪಸ್ ಬೇಕು ಅಂದಿದ್ದಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ, ನರ್ಸಮ್ಮನ ಮೇಲೆ ರೇಗಬೇಡಿ. ದೇವರು ನಿಮ್ಮ ಸೊಂಟಕ್ಕೆ ಬಲ ಕೊಡ್ಲಿ, ನನ್ನ ಕತ್ತಿಗೂ ಸ್ವಲ್ಪ ಕೊಡ್ಲಿ.

ನಿಮ್ಮನ್ನ ಒಂದು ದಿನದ ಮಟ್ಟಿಗೆ ಸಾಯಿಸಿದ ಸೊಸೆ,
ನಡೀನ್ ಟ್ರೆಡವೇ

ತಾ.ಕ.: ಅಂಚೆಯವಳು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೀತೀನಿ. ಯಾರ ಮೈದಾನದಲ್ಲಿ ಆಟ ಅಂತ ಕೋಚು ನಾಣ್ಯ ಚಿಮ್ಮಿ ಗೆದ್ದರು, ಮುಂದಿನ ಶುಕ್ರವಾರದ ನಾಕೌಟ್ ಆಟ ನಮ್ಮ ಮೈದಾನದಲ್ಲೇ. ಗಾಡಿ ಅಲ್ಲೇ ಇದೆ, ಮೂತಿ ಬೇಲಿಗೆ ತಾಗಿಸಿಕೊಂಡು. ಗೇರ್ ರಿಪೇರಿ ಮಾಡಿಸೋದಿಲ್ಲ, ಅಲ್ಲಾಡಿಸೋಕೂ ಯಾರಿಗೂ ಬಿಡೋದಿಲ್ಲ. ಡ್ರೈವರ್ ಸೀಟು ಖಾಲಿ ಇದೆ. ನಿಮ್ಮ ಮನೆ ಬಾಗಿಲಿಂದ ಹೊಸದಾಗಿ ಮತ್ತೆ ಗಾಡಿ ತರಬೇಕಾಗಿ ಬಂದ್ರೆ ನನಗೆ ಬರೋದು ಒಂದೇ ರೀತಿ, ಬೇಲಿಗೆ ಬೆನ್ನು ಹಾಕಿ, ಅದನ್ನ ಇನ್ನೊಂದು ಸಲ ಮಾಡೋ ಶಕ್ತಿ ನನಗಿಲ್ಲ ಮಾವ. ನಡೆಯೋಕೆ ಜಾಗ ಎಲ್ಲಿ ಅಂದ್ರಲ್ಲ, ಇದೇ ಜಾಗ. ಗುರುವಾರ ಬೆಳಗ್ಗೆ ಓಡೆಲ್ ನಿಮ್ಮನ್ನ ಆಟಕ್ಕೆ ಕರ್ಕೊಂಡು ಬರೋಕೆ ಆಸ್ಪತ್ರೆಗೆ ಬರ್ತಾನೆ. ಬಾಗಿಲವರೆಗೂ ನಿಮ್ಮ ಕಾಲಲ್ಲೇ ನಡೆದು ಬರ್ಬೇಕಂತೆ, ಎತ್ತೋದಿಲ್ಲವಂತೆ. ಆ ಸೂಟನ್ನ ಹೊಲಿಸಿಕೊಂಡು ಹಾಕ್ಕೊಂಡೇ ಬರ್ತಾನಂತೆ, ಸುಮ್ಮನೆ ಹಾಕ್ಕೊಂಡೆ ಅಂತ ಆಗಬಾರದಂತೆ. ಎದ್ದೇಳಿ ಮಾವ.